ಅಕ್ವೇರಿಯಂ ಪೈಪಿಗೆ ಟೆಫ್ಲಾನ್ ಟೇಪ್: ನಾಲ್ಕು ವರ್ಷ ಬಳಸಿದ ಮೇಲೆ

ಬೆಂಗಳೂರು ವಿಜಯನಗರದ ನಮ್ಮ ಮನೆಯ ಹಾಲ್‌ನಲ್ಲಿ ಮೂರಡಿ ಉದ್ದದ ಟ್ಯಾಂಕ್ ಇದೆ, ಸುಮಾರು 190 ಲೀಟರ್ ನೀರು. ಅದರ ಕೆಳಗೆ ಸಂಪ್. ಮನೆ ಮುಂದೆ ಕಾವೇರಿ ನೀರು ತುಂಬುವ ಸಂಪ್ ಅಲ್ಲ, ಫಿಲ್ಟರ್ ಇಡುವ ಗಾಜಿನ ತೊಟ್ಟಿ. ಮೇಲಿಂದ ಕೆಳಗೆ ಒಂಬತ್ತು ಕಡೆ ಥ್ರೆಡ್ ಜಾಯಿಂಟ್, ಅಂದರೆ ತಿರುಗಿಸಿ ಬಿಗಿ ಮಾಡುವ ಕೂಡಿಕೆ. ನೀರು ಸೋರದಂತೆ ಎಲ್ಲದಕ್ಕೂ ಸುತ್ತಿರುವುದು ಬಿಳಿ ಟೆಫ್ಲಾನ್ ಟೇಪ್ ಒಂದೇ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಒಂದು ಸ್ಟಾರ್ ಕಡಿಮೆಯಾದದ್ದು ದಪ್ಪದ ವಿಷಯಕ್ಕೆ. ಎಸ್.ಜೆ.ಪಿ. ರಸ್ತೆಯಲ್ಲಿ ಮೊದಲ ಸಲ ತಂದ ರೋಲ್ ಎಷ್ಟು ತೆಳುವೆಂದರೆ, ಬೆರಳಿಗೆ ಸುತ್ತಿದರೆ ಉಗುರು ಕಾಣುತ್ತಿತ್ತು. ಆರು ಸುತ್ತು ಹಾಕಿದರೂ ತೇವ ಬಂತು. ಈಗ ತರುವ ದಪ್ಪ ಟೇಪ್ ಮೂರು ನಾಲ್ಕು ಸುತ್ತಿಗೆ ಸಾಕು. ಥ್ರೆಡ್ಡಿನ ತುದಿ ನಮ್ಮ ಕಡೆಗಿರಬೇಕು, ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೇ ಎಳೆದು ಸುತ್ತಬೇಕು. ತಿರುಗುಮುರುಗು ಸುತ್ತಿದರೆ ಫಿಟ್ಟಿಂಗ್ ಬಿಗಿಯುವಾಗ ಟೇಪ್ ಬಿಚ್ಚಿಕೊಂಡು ಮುದ್ದೆಯಾಗುತ್ತದೆ. ತುದಿಯ ಒಂದು ಎಳೆ ಖಾಲಿ ಬಿಡಿ, ಇಲ್ಲದಿದ್ದರೆ ಟೇಪಿನ ಚೂರು ಪಂಪಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ.

ಮೊದಲ ವರ್ಷ ಸೋರಿದ್ದಕ್ಕೆಲ್ಲ ಟೇಪನ್ನೇ ಬೈದುಕೊಂಡೆ. ನೆಲ ಒರೆಸುವಾಗ ಅಮ್ಮ, "ಸ್ಟ್ಯಾಂಡಿನ ಹಲಗೆ ಉಬ್ಬಿದೆ ನೋಡೋ" ಎಂದರು. ಹಣೆ ನೆಲಕ್ಕೆ ತಾಗಿಸಿ ಟಾರ್ಚ್ ಬಿಟ್ಟು ನೋಡಿದೆ. ಪಿ.ವಿ.ಸಿ. ಅಡಾಪ್ಟರಿನ ಕತ್ತಿನಲ್ಲಿ ಕೂದಲೆಳೆಯಷ್ಟು ಬಿರುಕು, ಅದರುದ್ದಕ್ಕೂ ಬೋರ್‌ವೆಲ್ ನೀರಿನ ಬಿಳಿ ಉಪ್ಪು. ಒಂದು ಹನಿ ನಿಲ್ಲಿಸಲೆಂದು ಪೈಪ್ ರೆಂಚಿನಲ್ಲಿ ಬಲವಾಗಿ ತಿರುಗಿಸಿದ್ದು ನಾನೇ. ಪ್ಲಾಸ್ಟಿಕ್ಕಿಗೆ ಕೈಯಲ್ಲಿ ಬಿಗಿ ಮಾಡಿ, ಆಮೇಲೆ ರೆಂಚಿನಲ್ಲಿ ಅರ್ಧ ತಿರುವು, ಹೆಚ್ಚೆಂದರೆ ಒಂದು ತಿರುವು ಸಾಕು.

ಗಾಜಿನ ತೂತಿಗೆ ಪೈಪ್ ಕೂಡಿಸಲು ಹಾಕುವ ಟ್ಯಾಂಕ್ ಕನೆಕ್ಟರಿನ ಕಥೆ ಬೇರೆ. ಅಲ್ಲಿ ನೀರು ತಡೆಯುವುದು ಥ್ರೆಡ್ ಅಲ್ಲ, ರಬ್ಬರ್ ವಾಷರ್. ಎಷ್ಟು ಟೇಪ್ ಸುತ್ತಿದರೂ ದಂಡ. ವಾಷರ್ ಕೆಳಗೆ ಒಂದು ಮರಳಿನ ಕಾಳಿದ್ದರೂ ಹನಿ ನಿಲ್ಲುವುದಿಲ್ಲ, ಗಾಜು ಚೆನ್ನಾಗಿ ಒರೆಸಿಯೇ ಕೂರಿಸಿ.

ಪ್ಲಂಬರ್ ಸೆಣಬಿನ ನಾರು ಸುತ್ತಿ ಪೇಂಟ್ ಬಳಿಯುತ್ತೇನೆಂದರು. ಮನೆಯ ನಲ್ಲಿಗೆ ಆಗಬಹುದೇನೋ, ಮೀನಿರುವ ನೀರಿಗೆ ಬೇಡವೆಂದೆ. ಹಿತ್ತಾಳೆ ಫಿಟ್ಟಿಂಗೂ ಬೇಡ, ಅದರಿಂದ ಬಿಡುವ ತಾಮ್ರ ಸಿಗಡಿಗಳನ್ನು ಕೊಲ್ಲಬಹುದು. ಟೆಫ್ಲಾನ್ ನೀರಿನಲ್ಲಿ ಕರಗುವುದಿಲ್ಲ.

ಬಿಗಿ ಮಾಡಿದ್ದನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿದರೂ ಆ ಟೇಪ್ ಮುಗಿಯಿತು, ಹೊಸದಾಗಿಯೇ ಸುತ್ತಬೇಕು. ಹೋದ ತಿಂಗಳು ಪಂಪ್ ತೊಳೆಯಲು ಬಿಚ್ಚಿದಾಗ ಹಳೆ ಟೇಪನ್ನು ಟೂತ್‌ಬ್ರಷ್ಷಿನಲ್ಲಿ ಉಜ್ಜಿ ತೆಗೆದು, ನಾಲ್ಕು ಸುತ್ತು ಹಾಕಿ, ರಾತ್ರಿ ಕೆಳಗೆ ನ್ಯೂಸ್‌ಪೇಪರ್ ಹಾಸಿ ಮಲಗಿದೆ. ಬೆಳಗ್ಗೆ ಪೇಪರ್ ಗರಿಗರಿಯಾಗಿಯೇ ಇತ್ತು.