ಆರೈಕೆ ಕೇಂದ್ರವೋ, ಮನೆ ಆರೈಕೆಯೋ: ಮೊದಲ ಕೆಲಸಕ್ಕೆ ಯಾವುದು?

ವಯಸ್ಸಾದವರನ್ನು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಸೇರುವವರು ಆರೈಕೆ ಕೇಂದ್ರಕ್ಕೆ ಹೋಗಬೇಕೋ, ಅವರವರ ಮನೆಗೇ ಹೋಗಿ ನೋಡಿಕೊಳ್ಳಬೇಕೋ? ಆರೈಕೆ ಕೇಂದ್ರದಲ್ಲಿ ಶಿಫ್ಟ್ ಕೆಲಸ, ರಾತ್ರಿ ಪಾಳಿಯೂ ಬರುತ್ತದೆ. ಆದರೆ ಸಾಮಾನ್ಯವಾಗಿ ಪಕ್ಕದಲ್ಲೇ ಸೀನಿಯರ್ ಒಬ್ಬರು ಇರುತ್ತಾರೆ. ಹಾಸಿಗೆ ಹಿಡಿದವರನ್ನು ಆಗಾಗ ಮಗ್ಗುಲು ಬದಲಿಸಿ ಮಲಗಿಸುವುದು, ಹಿಮ್ಮಡಿ, ಸೊಂಟದ ಹತ್ತಿರ ಚರ್ಮ ಕೆಂಪಾಗಿದೆಯಾ ಎಂದು ನೋಡುವುದು, ಇದೆಲ್ಲ ಸುಮ್ನೆ ಓದಿದರೆ ಬರುವುದಿಲ್ಲ. ಬಲ್ಲವರ ಕೈ ನೋಡಿಯೇ ಕಲಿಯಬೇಕು.

ಮನೆ ಆರೈಕೆಯಲ್ಲಿ ಒಂದು ಹೊತ್ತಿಗೆ ನೀವು ನೋಡಿಕೊಳ್ಳುವುದು ಒಬ್ಬರನ್ನೇ. ಅವರ ಇಷ್ಟಾನಿಷ್ಟ ಬೇಗ ಗೊತ್ತಾಗುತ್ತದೆ, ಮಾತೂ ಜಾಸ್ತಿ. ಆದರೆ ಅವರು ಬಿದ್ದರೆ, ಮಾತ್ರೆ ಬೇಡ ಎಂದು ಹಟ ಹಿಡಿದರೆ, ಅಲ್ಲಿರುವುದು ನೀವೊಬ್ಬರೇ ಅಲ್ವಾ? ಮನೆಯಿಂದ ಮನೆಗೆ ಓಡಾಡುವ ಸಮಯಕ್ಕೂ ಸಂಬಳ ಇದೆಯಾ ಎಂದು ಸಂಕೋಚವಿಲ್ಲದೆ ಕೇಳಿ.

ನನ್ನನ್ನು ಕೇಳಿದರೆ ಮೊದಲ ವರ್ಷಕ್ಕೆ ಕೇಂದ್ರವೇ ಸರಿ. ತರಬೇತಿ ಕೊಡದೆ ಮೊದಲ ದಿನವೇ ಪಾಳಿಗೆ ತಳ್ಳುವ ಕೇಂದ್ರವಾದರೆ ಮಾತ್ರ ಬೇಡ.