ಇ-ಸ್ವತ್ತು ಸೇವೆ: ಹೊಲದಲ್ಲಿ ಕಟ್ಟಿದ ಮನೆಯೊಂದರ ಅನುಭವ

ಗ್ರಾಮ ಪಂಚಾಯತಿ ವ್ಯಾಪ್ತಿಯ ಮನೆ ಮತ್ತು ನಿವೇಶನಗಳಿಗೆ ಗಣಕೀಕೃತ ದಾಖಲೆ ನೀಡುವ ಇ-ಸ್ವತ್ತು ಸೇವೆಯನ್ನು ನಾನು ಎರಡು ಸಲ ಬಳಸಿದ್ದೇನೆ. ಮೊದಲನೆಯದು ಗ್ರಾಮಠಾಣಾದೊಳಗಿರುವ, ಅಂದರೆ ಊರಿನ ವಾಸದ ಜಾಗವೆಂದು ದಾಖಲೆಯಲ್ಲಿ ಗುರುತಾದ ಎಲ್ಲೆಯೊಳಗಿರುವ, ನನ್ನ ತಾಯಿಯವರ ಹಳೆಯ ಮನೆಗಾಗಿ, ಎರಡನೆಯದು ಊರಾಚೆಯ ಹೊಲದಲ್ಲಿ ನನ್ನ ಚಿಕ್ಕಪ್ಪನವರು ಪರವಾನಗಿ ಇಲ್ಲದೆ ಕಟ್ಟಿಕೊಂಡ ಮನೆಗಾಗಿ. ಹಳ್ಳಿಗಳಲ್ಲಿ ಕಡಿಮೆ ಖರ್ಚಿನಲ್ಲಿ ಮನೆ ಕಟ್ಟಿಕೊಳ್ಳುವ ಕುಟುಂಬಗಳ ಪೈಕಿ ಬಹಳ ಮಂದಿ ಚಿಕ್ಕಪ್ಪನವರ ಸ್ಥಿತಿಯಲ್ಲಿಯೇ ಇರುವುದರಿಂದ, ಈ ಸೇವೆ ಅಂಥವರಿಗೆ ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದನ್ನೇ ಮುಖ್ಯವಾಗಿ ಇಲ್ಲಿ ಬರೆಯುತ್ತಿದ್ದೇನೆ.

ತಾಯಿಯವರ ಮನೆಯ ವಿಷಯದಲ್ಲಿ ದೂರಲು ಏನೂ ಇಲ್ಲ. ತಂದೆಯವರ ಮರಣಪತ್ರ, ವಂಶವೃಕ್ಷ, ಹಳೆಯ ಕಂದಾಯ ರಸೀದಿಗಳನ್ನು ಕೊಟ್ಟೆವು. ಭೂಮಾಪಕರು ಬಂದು ಅಳತೆ ಮಾಡಿದರು. ಚೆಕ್ಕುಬಂದಿ (ನಾಲ್ಕು ದಿಕ್ಕಿನ ಎಲ್ಲೆ) ದಾಖಲಾಗಿ, ಮನೆಯ ಹಾಗೂ ಮಾಲೀಕರ ಭಾವಚಿತ್ರದೊಂದಿಗೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಡಿಜಿಟಲ್ ಸಹಿ ಇರುವ, ಆಸ್ತಿಯ ವಿವರದ ನಮೂನೆ 9 ಮತ್ತು ತೆರಿಗೆ ವಿವರದ ನಮೂನೆ 11 ಕೈಸೇರಿದವು. ಮೊದಲು ಕೈಬರಹದ ಖಾತೆ ನಕಲು ಇದ್ದ ಕಾಲದಲ್ಲಿ ಒಂದೇ ಜಾಗಕ್ಕೆ ಇಬ್ಬರ ಹೆಸರು ಬರುವುದು, ಪುಸ್ತಕದ ಹಾಳೆಯೇ ಕಾಣೆಯಾಗುವುದು ನಡೆಯುತ್ತಿತ್ತು. 2013ರಿಂದ ಬಳಕೆಗೆ ಬಂದ ಈ ವ್ಯವಸ್ಥೆಯಲ್ಲಿ ಪ್ರತಿ ಆಸ್ತಿಗೂ ಪ್ರತ್ಯೇಕ ಸಂಖ್ಯೆಯಿದೆ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶಕ್ಕೂ ಭೂಮಾಪನದ ಮೋಜಿಣಿಗೂ ಅದು ಜೋಡಣೆಯಾಗಿದೆ. ವಿಧವೆಯಾದ ನನ್ನ ತಾಯಿಗೆ ಆ ಎರಡು ಹಾಳೆಗಳು ಕೊಟ್ಟ ಧೈರ್ಯ ದೊಡ್ಡದು.

ಚಿಕ್ಕಪ್ಪನವರ ಕತೆ ಬೇರೆ. ಅಣ್ಣತಮ್ಮಂದಿರ ಪಾಲಾದ ಮೇಲೆ ಊರೊಳಗಿನ ಮನೆ ಎರಡು ಸಂಸಾರಗಳಿಗೆ ಸಾಲದೆ ಹೋಯಿತು. ಗ್ರಾಮಠಾಣಾದೊಳಗೆ ಖಾಲಿ ಜಾಗವಿರಲಿಲ್ಲ; ವಿನ್ಯಾಸ ಮಂಜೂರಾದ ಬಡಾವಣೆಯಲ್ಲಿ ನಿವೇಶನ ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ತಮ್ಮ ಪಾಲಿನ ಖುಷ್ಕಿ ಜಮೀನಿನ ರಸ್ತೆ ಬದಿಯ ಮೂರು ಗುಂಟೆಯಲ್ಲಿ, ಒಂದು ವರ್ಷ ಪಾಯ, ಇನ್ನೊಂದು ವರ್ಷ ಗೋಡೆ, ಮತ್ತೆರಡು ವರ್ಷ ಬಿಟ್ಟು ಶೀಟಿನ ಮಾಡು ಎಂದು ಕೈಯಲ್ಲಿ ಕಾಸು ಬಂದಂತೆಲ್ಲ ಕಟ್ಟಿದರು. ಬಡವರು ಮನೆ ಕಟ್ಟುವುದೇ ಹೀಗೆ. ನಕ್ಷೆ, ಪರವಾನಗಿ ಎಂಬ ಮಾತನ್ನು ಆಗ ಯಾರೂ ಎತ್ತಲಿಲ್ಲ. ಮನೆ ಎದ್ದ ಮೇಲೆ ಪಂಚಾಯತಿಯವರು ಬಂದು ಮನೆ ಸಂಖ್ಯೆ ಬರೆದರು, ಕಂದಾಯ ಕಟ್ಟಿಸಿಕೊಂಡರು, ವಿದ್ಯುತ್ ಸಂಪರ್ಕವೂ ಬಂತು. ಹದಿನಾಲ್ಕು ವರ್ಷಗಳ ಕಂದಾಯ ರಸೀದಿಗಳನ್ನು ಚಿಕ್ಕಮ್ಮ ಕಬ್ಬಿಣದ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದಾರೆ, ಮನೆ ತಮ್ಮದೆಂಬುದಕ್ಕೆ ಅವೇ ಸಾಕ್ಷಿಯೆಂದು ಅವರು ನಂಬಿದ್ದರು.

ನಾವು ಅರ್ಜಿ ಕೊಟ್ಟಾಗ ಅವರಿಗೆ ಸಿಕ್ಕಿದ್ದು ನಮೂನೆ 11ಬಿ. ಕೃಷಿ ಭೂಮಿಯನ್ನು ಕೃಷಿಯೇತರವೆಂದು ಬದಲಿಸಿಕೊಳ್ಳುವ ಭೂಪರಿವರ್ತನೆ ಮಾಡಿಸದೆ ಕಟ್ಟಿದ, ಸಕ್ರಮ ದಾಖಲೆ ಇಲ್ಲದ ಆಸ್ತಿಯನ್ನು ಪಂಚಾಯತಿ ತೆರಿಗೆಗಾಗಿ ಗುರುತಿಸಿಕೊಂಡಿದೆ ಎಂಬುದಷ್ಟೇ ಅದರ ಅರ್ಥ. ಕರ್ನಾಟಕ ಭೂಕಂದಾಯ ಅಧಿನಿಯಮ 1964ರ 95ನೇ ಕಲಮಿನ ಪ್ರಕಾರ ಕೃಷಿ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು ಜಿಲ್ಲಾಧಿಕಾರಿಗಳ ಅನುಮತಿ ಬೇಕು. ಪಂಚಾಯತ್ ರಾಜ್ ಅಧಿನಿಯಮ 1993ರ 64ನೇ ಕಲಮಿನ ಪ್ರಕಾರ ಕಟ್ಟಡ ಕಟ್ಟಲು ಗ್ರಾಮ ಪಂಚಾಯತಿಯ ಅನುಮತಿ ಬೇಕು. ಆದರೆ ಸ್ವಂತ ಜಮೀನಿನಲ್ಲಿ ಬೇಸಾಯದ ಅಗತ್ಯಕ್ಕೆ ಮಾತ್ರ ಕಟ್ಟಡ ಕಟ್ಟಿಕೊಳ್ಳಲು ರೈತನಿಗೆ ಅದೇ 95ನೇ ಕಲಮಿನಲ್ಲಿ ಅವಕಾಶವಿದೆ. ಹೊಲ ನಮ್ಮದಾದ ಮೇಲೆ ಮನೆಗೇನು ಅಡ್ಡಿ ಎಂಬ ನಂಬಿಕೆ ಹಳ್ಳಿಗಳಲ್ಲಿ ಬೇರೂರಿರುವುದಕ್ಕೆ ಇದೂ ಒಂದು ಕಾರಣವಿರಬೇಕು. ಕಂದಾಯ ಕಟ್ಟಿದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ ಎಂಬುದನ್ನು ಹದಿನಾಲ್ಕು ವರ್ಷ ಕಂದಾಯ ಕಟ್ಟಿಸಿಕೊಂಡವರು ಒಮ್ಮೆಯಾದರೂ ಹೇಳಬೇಕಾಗಿತ್ತು ಎಂಬ ನೋವು ನನ್ನಲ್ಲಿ ಈಗಲೂ ಇದೆ.

ಈ ಸೇವೆಯ ದೊಡ್ಡ ಕೊರತೆ ನನಗೆ ಕಂಡದ್ದು ಇಲ್ಲಿಯೇ. ಆಸ್ತಿ ಸಕ್ರಮವಲ್ಲ ಎಂದು 11ಬಿ ಪ್ರಾಮಾಣಿಕವಾಗಿ ತಿಳಿಸುತ್ತದೆ. ಆದರೆ ಯಾವ ಕಾರಣಕ್ಕೆ ಸಕ್ರಮವಲ್ಲ, ಯಾರ ಬಳಿಗೆ ಹೋಗಿ ಯಾವ ಅರ್ಜಿ ಕೊಟ್ಟರೆ ಸರಿಯಾದೀತು ಎಂಬ ಒಂದು ಸಾಲೂ ನಮಗೆ ಸಿಕ್ಕ ಹಾಳೆಯಲ್ಲಿ ಇರಲಿಲ್ಲ. ನಮ್ಮ ಪಂಚಾಯತಿಯ ಸಿಬ್ಬಂದಿಯೊಬ್ಬರು ತಾಲ್ಲೂಕು ಕಚೇರಿಗೆ ಹೋಗಿ ಭೂಕಂದಾಯ ಅಧಿನಿಯಮದ 94ಸಿ ಕಲಮಿನಡಿ ಅರ್ಜಿ ಕೊಡಿ ಎಂದರು. ನಾಲ್ಕು ಸಲ ಓಡಾಡಿದ ಮೇಲೆ ತಿಳಿದದ್ದೇನೆಂದರೆ, 94ಸಿ ಇರುವುದು ಗ್ರಾಮೀಣ ಪ್ರದೇಶದ ಸರ್ಕಾರಿ ಜಮೀನಿನಲ್ಲಿ, ಕಾನೂನು ಹೇಳಿದ ದಿನಾಂಕಕ್ಕೆ ಮೊದಲು ಕಟ್ಟಿಕೊಂಡ ವಾಸದ ಮನೆಗಳಿಗೆ. ಸ್ವಂತ ಹೊಲದ ಮನೆಗೆ ಅದು ಅನ್ವಯಿಸುವುದೇ ಇಲ್ಲ. ಚಿಕ್ಕಪ್ಪನವರಿಗೆ ಬೇಕಾಗಿದ್ದದ್ದು ಜಮೀನಿನ ಆ ಭಾಗಕ್ಕೆ 11ಇ ನಕ್ಷೆ ಮಾಡಿಸಿ ಭೂಪರಿವರ್ತನೆಗೆ ಅರ್ಜಿ ಹಾಕುವುದು. 11ಇ ಎಂದರೆ ಭೂಮಾಪನ ಇಲಾಖೆಯ ನಕ್ಷೆ, 11ಬಿ ಎಂದರೆ ಪಂಚಾಯತಿಯ ನಮೂನೆ. ಹೆಸರುಗಳ ಈ ಹೋಲಿಕೆಯಿಂದ ನಮ್ಮ ಊರಿನಲ್ಲಿಯೇ ಇಬ್ಬರು ಬೇಡದ ಅರ್ಜಿಗೆ ಹಣ ಕಟ್ಟಿದ್ದಾರೆ.

ಇದರ ಪೆಟ್ಟು ನೇರವಾಗಿ ಬೀಳುವುದು ಮನೆಯ ಖರ್ಚಿನ ಮೇಲೆ. ಚಿಕ್ಕಪ್ಪನವರ ಎರಡನೆಯ ಮಗನಿಗೆ ಮದುವೆಯಾಗಿದೆ. ಹಳೆಯ ಮನೆಯ ಪಕ್ಕದಲ್ಲಿಯೇ ಎರಡು ಕೋಣೆ ಕಟ್ಟುವ ಆಸೆ ಅವನದು. ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಭಾಗದಲ್ಲಿ ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ ಸಹಾಯಧನವಿದೆ. ಅಡುಗೆ ಮನೆಯೂ ಸೇರಿ ಕನಿಷ್ಠ 25 ಚದರ ಮೀಟರ್ ಮನೆಯಾಗಬೇಕು, ಹಣ ಹಂತಹಂತವಾಗಿ ಬರುತ್ತದೆ. ರಾಜ್ಯದ ಬಸವ ವಸತಿಯಂಥ ಯೋಜನೆಗಳು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ನಡೆಯುತ್ತವೆ. ಈ ಹಣ ಇಡೀ ಮನೆಗೆ ಸಾಲದಿದ್ದರೂ ಶೀಟಿನ ಬದಲು ತಾರಸಿ ಹಾಕಿಸುವಷ್ಟಕ್ಕಾದರೂ ಆಸರೆಯಾಗುತ್ತದೆ. ಫಲಾನುಭವಿಯಾಗಲು ಜಾಗದ ದಾಖಲೆ ಕೇಳಿದಾಗ 11ಬಿ ಮುಂದಿಟ್ಟೆವು, ಅದು ಸಾಲದೆಂದರು. ನಾವು ವಿಚಾರಿಸಿದ ಬ್ಯಾಂಕೂ ಅದರ ಮೇಲೆ ಗೃಹಸಾಲ ಕೊಡಲು ಒಪ್ಪಲಿಲ್ಲ. ಕೊನೆಗೆ ಉಳಿದದ್ದು ಹೆಚ್ಚು ಬಡ್ಡಿಯ ಕೈಸಾಲ. ದಾಖಲೆ ಇದ್ದವರಿಗೆ ಕಡಿಮೆ ಬಡ್ಡಿ, ಸಹಾಯಧನ ಎರಡೂ ಸಿಕ್ಕು, ದಾಖಲೆ ಇಲ್ಲದ ಬಡವರಿಗೇ ಮನೆ ದುಬಾರಿಯಾಗುವ ಈ ಸ್ಥಿತಿ ನನ್ನನ್ನು ಬಹಳ ಕಾಡಿದೆ.

ಸರ್ಕಾರ ಮನಸ್ಸು ಮಾಡಿದರೆ ಇದನ್ನು ಬಿಡಿಸಬಹುದು ಎಂಬುದಕ್ಕೆ ಉದಾಹರಣೆಯೂ ನಮ್ಮಲ್ಲಿಯೇ ಇದೆ. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಹಾಡಿಗಳಂಥ ದಾಖಲೆಯಿಲ್ಲದ ಜನವಸತಿಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡಿ ಅಲ್ಲಿನ ನಿವಾಸಿಗಳಿಗೆ ಹಕ್ಕುಪತ್ರ ಕೊಡಲು ಭೂಕಂದಾಯ ಅಧಿನಿಯಮಕ್ಕೆ 94ಡಿ ಕಲಮು ಸೇರಿಸಲಾಯಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಸುಮಾರು 50,000 ಕುಟುಂಬಗಳಿಗೆ, 2025ರ ಮೇ ತಿಂಗಳಲ್ಲಿ ಹೊಸಪೇಟೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾಯಿತು. ತಲೆಮಾರುಗಳಿಂದ ವಾಸವಿದ್ದೂ ಕಾಗದದಲ್ಲಿ ಇಲ್ಲದಿದ್ದವರಿಗೆ ಇಷ್ಟನ್ನು ಮಾಡಿಕೊಡಲು ಸಾಧ್ಯವಾಗಿರುವಾಗ, ಸ್ವಂತ ಹೊಲದ ಮೂರು ಗುಂಟೆಯಲ್ಲಿ ವಾಸಕ್ಕಾಗಿ ಒಂದೇ ಮನೆ ಕಟ್ಟಿಕೊಂಡ ಸಣ್ಣ ರೈತನಿಗೂ ಸರಳವಾದ ದಾರಿಯೊಂದನ್ನು ಮಾಡುವುದು ಅಸಾಧ್ಯವೆಂದು ನಾನು ಒಪ್ಪಲಾರೆ. ಹೊಲಗಳನ್ನು ಕೊಂಡು ಅನುಮತಿಯಿಲ್ಲದೆ ನಿವೇಶನಗಳಾಗಿ ಸೀಳಿ ಮಾರುವವರನ್ನೂ ಇಂಥ ರೈತನನ್ನೂ ಒಂದೇ ನಮೂನೆಯೊಳಗೆ ಸೇರಿಸಿರುವುದು ಸರಿಯಲ್ಲ.

ಪರವಾನಗಿಯೇ ಬೇಡವೆಂದು ನಾನು ವಾದಿಸುತ್ತಿಲ್ಲ. ಹಳ್ಳದ ಅಂಚಿನಲ್ಲಿ, ವಿದ್ಯುತ್ ತಂತಿಯ ಕೆಳಗೆ, ಬಂಡಿಯೂ ಹೋಗದ ಕಡೆ ಎದ್ದ ಮನೆಗಳ ಕಷ್ಟವನ್ನು ಕಂಡಿದ್ದೇನೆ. ಹೊಸದಾಗಿ ಕಟ್ಟುವವರು ಪಾಯ ತೆಗೆಯುವ ಮೊದಲೇ ಜಮೀನಿನ ಪಹಣಿಯನ್ನೂ ಇ-ಸ್ವತ್ತು ಜಾಲತಾಣದಲ್ಲಿ ಆ ಆಸ್ತಿಯ ಸ್ಥಿತಿಯನ್ನೂ ನೋಡಿಕೊಳ್ಳಲಿ. ನಿವೇಶನ ಕೊಳ್ಳುವವರು ಮಾರುವವರ ಕೈಯಲ್ಲಿರುವ ನಮೂನೆಯ ಮೇಲೆ 11ರ ಮುಂದೆ ‘ಬಿ’ ಅಕ್ಷರವಿದೆಯೇ ಎಂಬುದನ್ನು ಮರೆಯದೆ ನೋಡಲಿ. ಈ ಒಂದು ಉಪಯೋಗಕ್ಕೇ ಇ-ಸ್ವತ್ತಿಗೆ ನಾನು ಒಳ್ಳೆಯ ಅಂಕ ಕೊಡುತ್ತೇನೆ. ಆಗಲೇ ಮನೆ ಕಟ್ಟಿ ಕುಳಿತ ಬಡವರ ಮಟ್ಟಿಗೆ ಮಾತ್ರ ಅಂಕ ಕಡಿಮೆ. 11ಬಿ ಹಾಳೆಯ ಕೆಳಗೆ ಕಾರಣ, ಮುಂದಿನ ಅರ್ಜಿ, ಅದನ್ನು ಕೊಡಬೇಕಾದ ಕಚೇರಿ ಇವಿಷ್ಟನ್ನು ಅಚ್ಚು ಮಾಡಿಕೊಟ್ಟರೂ ನಮ್ಮಂಥವರ ಎಷ್ಟೋ ದಿನಗಳ ಕೂಲಿ ಉಳಿಯುತ್ತದೆ.

ಚಿಕ್ಕಪ್ಪನವರ 11ಇ ನಕ್ಷೆ ಈಗ ಕೈಗೆ ಬಂದಿದೆ, ಭೂಪರಿವರ್ತನೆಯ ಅರ್ಜಿ ಇನ್ನೂ ತೀರ್ಮಾನವಾಗಿಲ್ಲ. ಮಗನ ಎರಡು ಕೋಣೆಗೆಂದು ತರಿಸಿದ ಸೈಜುಗಲ್ಲುಗಳು ಅಂಗಳದಲ್ಲಿ ಹಾಗೆಯೇ ಇವೆ. ಈ ಸಲ ಆದೇಶ ಕೈಗೆ ಬರುವವರೆಗೆ ಪಾಯ ತೆಗೆಯುವುದಿಲ್ಲವೆಂದು ಅವರು ನಿಶ್ಚಯಿಸಿದ್ದಾರೆ.