ಬಟವಾಡೆ ದಿನ ಸೊಂಟದಲ್ಲಿ 32 ಬೋರ್: ಪ್ರಬಲ್ ರಿವಾಲ್ವರ್ ತಗೊಂಡು ಒಂದು ವರ್ಷ

ಅಡಿಕೆ ಚೇಣಿ, ಅಂದರೆ ಬೇರೆಯವರ ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ಕೆಲಸ ಮಾಡುವವರಿಗೆ ಗೊತ್ತಿರುತ್ತದೆ, ಕೊಯ್ಲು ಶುರುವಾದರೆ ವಾರಕ್ಕೊಮ್ಮೆ ಬಟವಾಡೆ. ಮರ ಹತ್ತಿ ಗೊನೆ ಇಳಿಸುವ ಕೊನೆಗಾರರಿಗೂ ಸುಲಿಯುವವರಿಗೂ ಕೈಗೆ ನಗದೇ ಬೇಕು. ತೀರ್ಥಹಳ್ಳಿಯ ಬ್ಯಾಂಕಿನಿಂದ ಹಣ ತಂದು, ಕತ್ತಲಾಗುವ ಹೊತ್ತಿಗೆ ಬೈಕಿನಲ್ಲಿ ಕಾಡುದಾರಿ ಹಿಡಿದು ಮೂರು ನಾಲ್ಕು ತೋಟ ಸುತ್ತಬೇಕು. ಎರಡು ವರ್ಷದ ಹಿಂದೆ ಒಂದು ರಾತ್ರಿ ಯಾರೋ ಇಬ್ಬರು ಆರೇಳು ಕಿಲೋಮೀಟರ್ ನನ್ನ ಹಿಂದೆಯೇ ಬಂದರು, ನಾನು ನಿಲ್ಲಿಸಿದರೆ ಅವರೂ ನಿಲ್ಲಿಸುತ್ತಿದ್ದರು. ಏನೂ ಆಗಲಿಲ್ಲ. ಆದರೆ ಮಾರನೇ ವಾರವೇ ಲೈಸೆನ್ಸಿಗೆ ಅರ್ಜಿ ಹಾಕಿದೆ.

ಅಪ್ಪನಿಂದ ಬಂದ ಜೋಡಿನಳಿಗೆ ಕೋವಿ ಆಗಲೇ ನನ್ನ ಹೆಸರಿನಲ್ಲಿತ್ತು. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಬಂದ ಮೇಲೆ ಒಬ್ಬರಿಗೆ ಎರಡೇ ಬಂದೂಕು, ಮೊದಲು ಮೂರು ಇಟ್ಟುಕೊಳ್ಳಬಹುದಿತ್ತು. ಹಾಗಾಗಿ ಇನ್ನೊಂದು ತಗೊಂಡರೆ ಮುಗಿಯಿತು, ಅದು ಸರಿಯಾಗಿಯೇ ಇರಬೇಕು. ಯೂಟ್ಯೂಬಿನಲ್ಲಿ ಗ್ಲಾಕ್ ಪಿಸ್ತೂಲು ನೋಡಿ ಅದೇ ಬೇಕು ಅನ್ನುವ ಹುಡುಗರಿಗೆ ಮೊದಲೇ ಹೇಳಿಬಿಡುತ್ತೇನೆ, 9 ಎಂಎಂ ನಮ್ಮಲ್ಲಿ ನಿಷೇಧಿತ ಬೋರ್ (ಬೋರ್ ಅಂದರೆ ನಳಿಗೆಯ ಒಳಗಿನ ಅಗಲ). ನಮ್ಮಂಥವರ ಆಯ್ಕೆ ಹೆಚ್ಚುಕಮ್ಮಿ 32 ಬೋರಿನ ಒಳಗೇ.

ಅಂಗಡಿಯಲ್ಲಿ ಮೂರನ್ನು ಕೈಯಲ್ಲಿ ಹಿಡಿದು ನೋಡಿದೆ. ಒಂದು ಅಶನಿ ಪಿಸ್ತೂಲು. ಚಪ್ಪಟೆಯಾಗಿದೆ, ಅಂಗಿಯ ಒಳಗೆ ಮರೆಯಾಗುವ ವಿಷಯದಲ್ಲಿ ಅದೇ ಎಲ್ಲಕ್ಕಿಂತ ಮೇಲು, ಇದನ್ನು ಒಪ್ಪಲೇಬೇಕು. ಇನ್ನೊಂದು 2014ರಲ್ಲಿ ಬಂದ ನಿರ್ಭೀಕ್ ರಿವಾಲ್ವರ್, ಹೆಂಗಸರಿಗೆ ಅಂತ ಮಾಡಿದ್ದು, ಟೈಟಾನಿಯಂ ಮಿಶ್ರಲೋಹ, ತೂಕ ಸುಮಾರು 500 ಗ್ರಾಂ. ಮೂರನೆಯದು 2023ರಲ್ಲಿ ಕಾನ್ಪುರದ ಸರ್ಕಾರಿ ಕಂಪನಿ ತಂದ ಪ್ರಬಲ್ ರಿವಾಲ್ವರ್. ಸುಮಾರು 700 ಗ್ರಾಂ, ನಳಿಗೆ 76 ಮಿಲಿಮೀಟರ್, ತುದಿಯಿಂದ ತುದಿಗೆ ಒಂದು ಗೇಣಿಗಿಂತ ಸ್ವಲ್ಪ ಕಮ್ಮಿ. ಹಳೇ ಮಾದರಿಯಲ್ಲಿ ರಿವಾಲ್ವರನ್ನೇ ಮಧ್ಯಕ್ಕೆ ಮುರಿದಂತೆ ಬಗ್ಗಿಸಿ ತೋಟಾ ತುಂಬಬೇಕು, ಇದರಲ್ಲಿ ತೋಟಾ ಕೂರುವ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ.

ನಾನು ತಗೊಂಡದ್ದು ಪ್ರಬಲ್. ಪಿಸ್ತೂಲು ಯಾಕೆ ಬೇಡ ಅಂದರೆ, ಒಂದು ತೋಟಾ ಹಾರದೇ ಇದ್ದರೆ ಎರಡೂ ಕೈ ಹಾಕಿ ಮೇಲಿನ ಜಾರುವ ಭಾಗವನ್ನು (ಸ್ಲೈಡ್) ಎಳೆದು ಅದನ್ನು ಹೊರಗೆ ಹಾಕಬೇಕು. ರಿವಾಲ್ವರಿನಲ್ಲಿ ಮತ್ತೊಮ್ಮೆ ಟ್ರಿಗರ್ ಎಳೆದರೆ ಸಾಕು, ಮುಂದಿನ ತೋಟಾ ತಾನಾಗಿ ಎದುರು ಬರುತ್ತದೆ. ಗಾಬರಿಯಲ್ಲಿ, ಕತ್ತಲೆಯಲ್ಲಿ, ಒಂದು ಕೈಯಲ್ಲಿ ಹಣದ ಚೀಲ ಇರುವಾಗ ನನಗೆ ಬೇಕಾದದ್ದು ಅಷ್ಟೇ. ನಿರ್ಭೀಕ್ ಸೊಂಟಕ್ಕೆ ಹಗುರ ನಿಜ, ಆದರೆ ಹಗುರವಾದಷ್ಟೂ ಈಡು ಹಾರಿದಾಗ ಕೈ ಜಾಸ್ತಿ ಎಗರುತ್ತದೆ. ದಿನವಿಡೀ ಕಟ್ಟಿಕೊಂಡೇ ಇರುವವರಾದರೆ ಆ 200 ಗ್ರಾಂ ಉಳಿತಾಯ ದೊಡ್ಡದು, ಅವರಿಗೆ ಅದೇ ಸರಿ. ನನ್ನದು ವಾರಕ್ಕೆ ಒಂದು ದಿನ.

ತೋಟಾ ತರುವಾಗ ಒಂದು ಎಚ್ಚರ. ರಿವಾಲ್ವರಿಗೂ ಪಿಸ್ತೂಲಿಗೂ 32 ಅಂತಲೇ ಹೇಳುತ್ತಾರೆ, ತೋಟಾ ಬೇರೆ ಬೇರೆ. ರಿವಾಲ್ವರಿನದು ಉದ್ದ, ಬುಡಕ್ಕೆ ಅಂಚು ಇರುತ್ತದೆ. ಪಿಸ್ತೂಲಿನದು ಗಿಡ್ಡ. ಖಡ್ಕಿಯ ಸರ್ಕಾರಿ ಕಾರ್ಖಾನೆ ಎರಡನ್ನೂ ಮಾಡುತ್ತದೆ, ಪೆಟ್ಟಿಗೆಯ ಮೇಲೆ ಓದಿಯೇ ತಗೊಳ್ಳಿ. ಇನ್ನು ಪ್ರಬಲ್ 50 ಮೀಟರ್ ದೂರ ಹೊಡೆಯುತ್ತದೆ ಅಂತ ಕಂಪನಿ ಹೇಳುತ್ತದೆ. ಗುಂಡು ಅಷ್ಟು ದೂರ ಹೋಗಬಹುದು. ಇಷ್ಟು ಗಿಡ್ಡ ನಳಿಗೆಯಲ್ಲಿ ರೇಂಜಿನಲ್ಲಿ ನಿಂತು ಹೊಡೆದಾಗ ನನಗೆ ನಂಬಿಕೆ ಬಂದದ್ದು ಹತ್ತು ಹೆಜ್ಜೆಯವರೆಗೆ ಮಾತ್ರ.

ನನಗೆ ನಿಜವಾಗಿ ಪಾಠ ಕಲಿಸಿದ್ದು ಹೋಲ್ಸ್ಟರ್, ಅಂದರೆ ರಿವಾಲ್ವರ್ ಸಿಕ್ಕಿಸಿ ಸೊಂಟಕ್ಕೆ ಕಟ್ಟುವ ಒರೆ. ರಿವಾಲ್ವರಿಗೆ ಲಕ್ಷದ ಮೇಲೆ ಕೊಟ್ಟು, ಹೋಲ್ಸ್ಟರ್ ಮಾತ್ರ ಸುಮ್ನೆ ಸಿಕ್ಕಿದ್ದನ್ನು ತಗೊಂಡೆ. ಮೆತ್ತನೆಯ ಚರ್ಮ, ಬಾಯಿ ಸಡಿಲ. ಬೈಕ್ ಹತ್ತಿ ಕೂತರೆ ರಿವಾಲ್ವರ್ ಮೇಲಕ್ಕೆ ಬರುತ್ತಿತ್ತು, ತೊಡೆಗೆ ಒತ್ತುತ್ತಿತ್ತು. ಟ್ರಿಗರಿನ ಹತ್ತಿರ ಚರ್ಮ ಮಡಚಿಕೊಳ್ಳುವುದನ್ನು ನೋಡಿದ ದಿನವೇ ಅದನ್ನು ಬಿಟ್ಟೆ. ಟ್ರಿಗರ್ ಪೂರ್ತಿ ಮುಚ್ಚದ ಹೋಲ್ಸ್ಟರ್ ಯಾವ ಬೆಲೆಗೆ ಸಿಕ್ಕಿದರೂ ಬೇಡ. ಬೆನ್ನಿನ ಮಧ್ಯಕ್ಕೆ ಕಟ್ಟಬೇಡಿ, ಬೈಕಿನಿಂದ ಬಿದ್ದರೆ ಬೆನ್ನುಮೂಳೆಯ ಮೇಲೇ ಕಬ್ಬಿಣ ಕೂರುತ್ತದೆ. ಈಗ ಬಲಗಡೆ ಸೊಂಟದ ಮೂಳೆಯ ಸ್ವಲ್ಪ ಹಿಂದೆ ಕಟ್ಟುತ್ತೇನೆ, ಎರಡು ಪದರದ ದಪ್ಪ ಬೆಲ್ಟ್, ಮೇಲೆ ಇನ್ ಶರ್ಟ್ ಮಾಡದ ಅಂಗಿ. ಮಾಮೂಲಿ ಬೆಲ್ಟ್ 700 ಗ್ರಾಂ ತಡೆಯುವುದಿಲ್ಲ, ಪ್ಯಾಂಟ್ ಒಂದು ಕಡೆ ಜಗ್ಗಿದರೆ ನೋಡಿದವರಿಗೆಲ್ಲ ಗೊತ್ತಾಗುತ್ತದೆ. ಮರೆಯಲ್ಲಿರುವುದು ಬರೀ ಅನುಕೂಲಕ್ಕಲ್ಲ, ಕಾನೂನೂ ಅದನ್ನೇ ಹೇಳುತ್ತದೆ. 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಅದು ಹೋಲ್ಸ್ಟರಿನಲ್ಲಿ, ಪೂರ್ತಿ ಮುಚ್ಚಿ, ನಮ್ಮ ಹಿಡಿತದಲ್ಲೇ ಇರಬೇಕು.

ಮತ್ತೆ ನಮ್ಮ ಮಳೆ. ಆಷಾಢದಲ್ಲಿ ಎರಡು ದಿನ ರಿವಾಲ್ವರನ್ನು ಚರ್ಮದ ಒಳಗೇ ಬೀರುವಿನಲ್ಲಿ ಬಿಟ್ಟಿದ್ದೆ. ತೆಗೆದು ನೋಡಿದರೆ ಹೋಲ್ಸ್ಟರಿಗೆ ಬಿಳಿ ಬೂಷ್ಟು, ನಳಿಗೆಯ ಮೇಲೆ ಸಾಸಿವೆ ಕಾಳಿನಂಥ ತುಕ್ಕಿನ ಚುಕ್ಕಿ. ಚರ್ಮ ನೀರು ಹೀರಿಕೊಂಡು ಕಬ್ಬಿಣಕ್ಕೆ ಕೊಡುತ್ತದೆ, ತಪ್ಪು ನನ್ನದೇ. ಆವತ್ತಿನಿಂದ ಮನೆಗೆ ಬಂದ ತಕ್ಷಣ ತೋಟಾ ತೆಗೆಯುವುದು, ಒಣಬಟ್ಟೆಯಲ್ಲಿ ಒರೆಸುವುದು, ಕೋವಿ ಎಣ್ಣೆ ತೆಳುವಾಗಿ ಹಚ್ಚುವುದು. ಬೀಗದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡುತ್ತೇನೆ, ತೋಟಾ ಬೇರೆ ಬೀಗದಲ್ಲಿ. ಮನೆಯಲ್ಲಿ ಮಕ್ಕಳಿದ್ದಾರೆ, ಇದರಲ್ಲಿ ಒಂದು ದಿನವೂ ಸೋಮಾರಿತನ ಮಾಡುವಂತಿಲ್ಲ. ಎಲೆಕ್ಷನ್ ಬಂತೆಂದು ಠಾಣೆಗೆ ಕೊಡುವಾಗಲೂ ಎಣ್ಣೆ ಹಚ್ಚಿಯೇ ಕೊಡಿ, ಅಲ್ಲಿ ಎಷ್ಟು ತಿಂಗಳು ಕೂರುತ್ತದೋ ಯಾರಿಗೆ ಗೊತ್ತು.

ಅಜ್ಜನ ಕಾಲದ ರಿವಾಲ್ವರ್ ಕಟ್ಟುವವರು ಇದ್ದರೆ ತೋಟಾಕ್ಕೆ ಬಡಿಯುವ ಸುತ್ತಿಗೆಯ ಕೆಳಗೆ ಬರುವ ಸಿಲಿಂಡರಿನ ಒಂದು ಮನೆಯನ್ನು ತೋಟಾ ಹಾಕದೆ ಖಾಲಿ ಬಿಡಿ. ಕೆಲವು ಹಳೇ ಮಾದರಿಗಳಲ್ಲಿ ಕೆಳಗೆ ಬಿದ್ದರೆ ಈಡು ಹಾರುವ ಅಪಾಯ ಇದೆ. ಹಾಗೇ, ಲೈಸೆನ್ಸಿಗೆ ಬೇಕಾದ ತರಬೇತಿಯನ್ನು ಬರೀ ಸರ್ಟಿಫಿಕೇಟಿಗೆ ಅಂತ ಮುಗಿಸಬೇಡಿ. ನನಗೆ ಅಲ್ಲಿ ಹೇಳಿಕೊಟ್ಟ ಮೊದಲ ಮಾತು, ಹಣ ಹೋದರೆ ಹೋಗಲಿ, ಪ್ರಾಣಕ್ಕೆ ಬಂದಾಗ ಮಾತ್ರ ಇದು. ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕು ಕಾನೂನು ಯಾರಿಗೂ ಕೊಟ್ಟಿಲ್ಲ. ಒಂದು ವರ್ಷದಲ್ಲಿ ನಾನು ಇದನ್ನು ದಾರಿಯಲ್ಲಿ ಒಮ್ಮೆಯೂ ಹೊರಗೆ ತೆಗೆದಿಲ್ಲ, ಅದರ ಬಗ್ಗೆ ನನಗೆ ಸಮಾಧಾನ ಇದೆ.

ಬಗೆಹರಿಯದೇ ಉಳಿದದ್ದು ರೈನ್‌ಕೋಟ್. ಅದನ್ನು ಹಾಕಿಕೊಂಡರೆ ಸೊಂಟಕ್ಕೆ ಕೈಯೇ ಹೋಗುವುದಿಲ್ಲ. ಅದಕ್ಕೇ ಮಳೆಗಾಲದಲ್ಲಿ ಏನಾದರೂ ಹಣ ಕೊಡುವುದಿದ್ದರೆ ಬೆಳಗ್ಗೆ ಹತ್ತಕ್ಕೇ ಹೋಗಿ, ಜೊತೆಗೆ ತಮ್ಮನನ್ನು ಕರೆದುಕೊಂಡು ಬರುತ್ತೇನೆ. ಪ್ರಬಲ್ ಅಳತೆಗೆ ಗಟ್ಟಿ ಪ್ಲಾಸ್ಟಿಕ್ಕಿನ ಹೋಲ್ಸ್ಟರ್ ಮಾಡಿಕೊಡುವವರು ಶಿವಮೊಗ್ಗದ ಕಡೆ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ, ಈ ಆಷಾಢದ ಒಳಗೆ ಚರ್ಮದ್ದನ್ನು ಬದಲಾಯಿಸಬೇಕು.